ಕೂಡುಬಾಳಿನ ಶೋಧಕ ಬೈಯರಿಂಕ್

ನಮ್ಮ ಭೂಮಿಯನ್ನು ಸುತ್ತುವರಿದಿರುವ ವಾಯುಮಂಡಲದಲ್ಲಿ ನೂರಕ್ಕೆ 78 ಪಾಲು ಸಾರಜನಕವಿದೆ. ಸಾರಜನಕವಿಲ್ಲದೆ ಪ್ರೋಟೀನು ಇಲ್ಲ. ಪ್ರೋಟೀನು ಇಲ್ಲದೆ ಜೀವಕೋಶವಿಲ್ಲ. ಹೀಗಿದ್ದರೂ ಮರಗಿಡಗಳಾಗಲಿ, ಪ್ರಾಣಿಗಳಾಗಲಿ, ಮನುಷ್ಯರಾಗಲಿ ಗಾಳಿಯಲ್ಲಿರುವ ಈ ಅಪಾರ ಸಂಪತ್ತಿನ ಒಂದು ಕಣವನ್ನೂ ನೇರವಾಗಿ ಬಳಸಿಕೊಳ್ಳಲಾರರು. ಸಾರಜನಕದ ಎರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದೇ ಇದಕ್ಕೆ ಕಾರಣ. ಆ ಬಂಧಗಳನ್ನು ಬಿಡಿಸಿದಲ್ಲದೆ ಸಾರಜನಕವು ಜೀವಿಗಳಿಗೆ ಆಹಾರವಾಗದು. ಬೀಗ ಹಾಕಿದ ಕಣಜದ ಮುಂದೆ ಹಸಿದು ಕುಳಿತವನ ಸ್ಥಿತಿ ಎಂತಹುದೋ ಭೂಮಿಯ ಜೀವರಾಶಿಯ ಸ್ಥಿತಿಯೂ ಅಂತಹುದೇ.

ಸಮುದ್ರದಲ್ಲಿಯೂ ಇದೇ ಕಥೆ. ದಡದಿಂದ ಬಹುದೂರ ಸಾಗಿ ಉಷ್ಣವಲಯದ ನಡುಗಡಲನ್ನು ನೋಡಿದರೆ ನೀರು ತಿಳಿನೀಲವಾಗಿ, ಸ್ಫಟಿಕದಂತೆ ಸ್ವಚ್ಛವಾಗಿ ಕಾಣುತ್ತದೆ. ಕಣ್ಣಿಗೆ ಸೊಗಸಾದ ಆ ಸ್ವಚ್ಛತೆಯು ನಿಜವಾಗಿ ಬಡತನದ ಗುರುತು. ಅಲ್ಲಿ ಬಿಸಿಲಿಗೆ ಕೊರತೆಯಿಲ್ಲ, ನೀರಿಗೆ ಕೊರತೆಯಿಲ್ಲ. ಆದರೆ ಬಳಸಲು ಯೋಗ್ಯವಾದ ಸಾರಜನಕದ ಲವಣಗಳು ಅತ್ಯಲ್ಪ. ಆದುದರಿಂದ ಶೈವಲಗಳು, ಎಂದರೆ ನಾವು ಪಾಚಿಯೆಂದು ಕರೆಯುವ ಜಲಸಸ್ಯಗಳು, ಅಲ್ಲಿ ವಿರಳ.

ಕಣಜದ ಬೀಗದ ಕೈ ಕೆಲವು ಬ್ಯಾಕ್ಟೀರಿಯಗಳ ಬಳಿ ಮಾತ್ರ ಇದೆ. ಅವು ಗಾಳಿಯ ಸಾರಜನಕವನ್ನು ಹಿಡಿದು ಅಮೋನಿಯವಾಗಿ ಮಾರ್ಪಡಿಸಬಲ್ಲವು. ಇವುಗಳಲ್ಲಿ ಅನೇಕವು ಒಂಟಿಯಾಗಿ ಬಾಳದೆ ನೆಲದಲ್ಲಿ ಗಿಡಗಳೊಡನೆಯೂ ಕಡಲಿನಲ್ಲಿ ಶೈವಲಗಳೊಡನೆಯೂ ಕೂಡಿ ಬಾಳುತ್ತವೆ. ಈ ಬ್ಯಾಕ್ಟೀರಿಯಗಳನ್ನು ಮೊಟ್ಟಮೊದಲು ಬೇರುಗಂಟುಗಳಿಂದ ಬೇರ್ಪಡಿಸಿ, ಶುದ್ಧ ರೂಪದಲ್ಲಿ ಬೆಳೆಸಿ, ಜಗತ್ತಿಗೆ ಪರಿಚಯಿಸಿದವನು ಹಾಲೆಂಡಿನ ವಿಜ್ಞಾನಿ ಮಾರ್ಟಿನಸ್ ವಿಲೆಮ್ ಬೈಯರಿಂಕ್. ಜೀವಿಗಳ ಕೂಡುಬಾಳನ್ನು ಶೋಧಿಸಿದ ಈ ಮಹನೀಯನು ತನ್ನ ಬಾಳನ್ನು ಬಹುಮಟ್ಟಿಗೆ ಏಕಾಂತದಲ್ಲಿಯೇ ಕಳೆದನೆಂಬುದು ವಿಧಿಯ ವಿಚಿತ್ರ.

ಬೈಯರಿಂಕನು 1851ನೆಯ ಮಾರ್ಚ್ 16ರಂದು ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಜನಿಸಿದನು. ತಂದೆ ಡರ್ಕ್ ಬೈಯರಿಂಕ್ ಹೊಗೆಸೊಪ್ಪಿನ ವ್ಯಾಪಾರಿ. ಮಗನು ಇನ್ನೂ ಶಿಶುವಾಗಿದ್ದಾಗಲೇ ವ್ಯಾಪಾರವು ಕುಸಿದು ಬಿದ್ದಿತು. ತಂದೆಯು ಅಂಗಡಿಯನ್ನು ತೊರೆದು ರೈಲ್ವೆಯಲ್ಲಿ ಗುಮಾಸ್ತನಾಗಬೇಕಾಯಿತು. ಮಕ್ಕಳನ್ನು ಒಳ್ಳೆಯ ಶಾಲೆಗೆ ಕಳುಹಿಸುವಷ್ಟು ಅನುಕೂಲ ಆ ಮನೆಯಲ್ಲಿರಲಿಲ್ಲ. ಆದರೆ ತಂದೆಗೆ ವಿದ್ಯೆಯಲ್ಲಿ ಅಪಾರ ಶ್ರದ್ಧೆ. ಮಗನಿಗೆ ಹನ್ನೆರಡು ವರ್ಷ ತುಂಬುವವರೆಗೆ ಅವನೇ ಮನೆಯಲ್ಲಿ ಪಾಠ ಹೇಳಿದನು.

ಆಮೇಲೆ ಕುಟುಂಬವು ಹಾರ್ಲೆಮ್ ಪಟ್ಟಣಕ್ಕೆ ಬಂದಿತು. ಬಾಲಕನು ಶಾಲೆಯ ಮೆಟ್ಟಿಲನ್ನು ಹತ್ತಿದುದು ಅಲ್ಲಿಯೇ. ಓರಗೆಯವರಿಗಿಂತ ಹಿಂದುಳಿದಿದ್ದೇನೆಂಬ ಅಳುಕಿನಿಂದಲೇ ಓದತೊಡಗಿದವನು ಬೇಗನೆ ಎಲ್ಲರನ್ನೂ ಮೀರಿಸಿದನು. ಗಿಡಮೂಲಿಕೆಗಳನ್ನು ಹುಡುಕಿಕೊಂಡು ಹೊಲ, ಹಳ್ಳ, ಮರಳುದಿಬ್ಬಗಳಲ್ಲಿ ಅಲೆಯುವುದು ಅವನಿಗೆ ಆಟಕ್ಕಿಂತಲೂ ಪ್ರಿಯವಾಯಿತು. ಹದಿನೈದನೆಯ ವಯಸ್ಸಿನಲ್ಲಿ ಅವನು ಸಸ್ಯಗಳನ್ನು ಒಣಗಿಸಿ, ಹೆಸರು ಗುರುತಿಸಿ, ಹಾಳೆಗಳ ಮೇಲೆ ಅಂಟಿಸಿ ಸಿದ್ಧಪಡಿಸಿದ ಸಂಗ್ರಹಕ್ಕೆ ಒಂದು ಸ್ಪರ್ಧೆಯಲ್ಲಿ ಬಹುಮಾನ ದೊರೆಯಿತು. ಸಸ್ಯವಿಜ್ಞಾನಿಯಾಗಬೇಕೆಂಬ ಹಂಬಲ ಅಂದೇ ಬೇರೂರಿತು.

ಹಂಬಲಕ್ಕೆ ಬಡತನ ಅಡ್ಡಿಯಾಗಿತ್ತು. ಸೋದರ ಸಂಬಂಧಿಯಾದ ಹಿರಿಯರೊಬ್ಬರು ಧನಸಹಾಯ ಮಾಡಿದುದರಿಂದ 1869ರಲ್ಲಿ ಅವನು ಡೆಲ್ಫ್ಟ್ ನಗರದ ಪಾಲಿಟೆಕ್ನಿಕ್ ಶಾಲೆಯನ್ನು ಸೇರಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿದನು. ಅಲ್ಲಿ ಅವನಿಗೆ ದೊರೆತ ಗೆಳೆಯನು ವಾಂಟ್ ಹಾಫ್. ಇಬ್ಬರೂ ವಿದ್ಯಾರ್ಥಿಗಳು ತಮ್ಮ ಬಿಡಾರದಲ್ಲಿಯೇ ರಾಸಾಯನಿಕ ಪ್ರಯೋಗಗಳನ್ನು ಮಾಡುತ್ತಿದ್ದರು. ಮುಂದೆ 1901ರಲ್ಲಿ ರಸಾಯನಶಾಸ್ತ್ರಕ್ಕಾಗಿ ಮೊದಲ ನೊಬೆಲ್ ಪಾರಿತೋಷಕವನ್ನು ಪಡೆದವನು ಇದೇ ವಾಂಟ್ ಹಾಫ್. 1872ರಲ್ಲಿ ಬೈಯರಿಂಕನ ಡೆಲ್ಫ್ಟ್ ವ್ಯಾಸಂಗ ಮುಗಿಯಿತು. ರಸಾಯನಶಾಸ್ತ್ರವು ಕೈವಶವಾಯಿತಾದರೂ ಮನಸ್ಸು ಸಸ್ಯಗಳ ಕಡೆಗೇ ಎಳೆಯುತ್ತಿತ್ತು. ಅವನು ಲೈಡನ್ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರವನ್ನು ಓದತೊಡಗಿದನು. ಹೊಟ್ಟೆಪಾಡಿಗಾಗಿ ಕೃಷಿಶಾಲೆಗಳಲ್ಲಿ ಉಪಾಧ್ಯಾಯನಾಗಿ ದುಡಿಯುತ್ತಲೇ 1877ರಲ್ಲಿ ಡಾಕ್ಟರ್ ಪದವಿಯನ್ನು ಪಡೆದನು.

ಅವನ ಪ್ರೌಢಪ್ರಬಂಧದ ವಿಷಯ ಗಮನಾರ್ಹವಾದುದು. ಎಲೆಗಳ ಮೇಲೂ ಕೊಂಬೆಗಳ ಮೇಲೂ ಕೆಲವೊಮ್ಮೆ ಗುಂಡಗಿನ ಗಂಟುಗಳು ಏಳುವುದನ್ನು ನಾವು ನೋಡಿರುತ್ತೇವೆ. ಕೀಟವು ಮೊಟ್ಟೆಯಿಟ್ಟಾಗ ಗಿಡವು ತನ್ನ ಅಂಗಾಂಶವನ್ನೇ ಬೆಳೆಸಿ ಅದರ ಸುತ್ತಲೂ ಗೂಡು ಕಟ್ಟುತ್ತದೆ. ಒಂದು ಜೀವಿ ಇನ್ನೊಂದರ ಬೆಳವಣಿಗೆಯ ದಿಕ್ಕನ್ನೇ ಬದಲಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಬೈಯರಿಂಕನು ಅಲ್ಲಿ ಎತ್ತಿಕೊಂಡನು. ಎರಡು ಜೀವಿಗಳು ಸಂಧಿಸುವ ಎಡೆಯಲ್ಲಿ ಏನು ನಡೆಯುತ್ತದೆಂಬ ಈ ಕುತೂಹಲ ಅವನ ಜೀವನದುದ್ದಕ್ಕೂ ಉಳಿಯಿತು. ಅದೇ ಕಾಲಕ್ಕೆ, 1878ರಲ್ಲಿ, ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ ಎಂಬಾತನು ಭಿನ್ನ ಜಾತಿಯ ಜೀವಿಗಳು ಒಟ್ಟಿಗೆ ಬಾಳುವುದಕ್ಕೆ ಸಹಜೀವನವೆಂಬ ಅರ್ಥದ ಹೆಸರನ್ನು ಬಳಕೆಗೆ ತಂದನು. ನೀರಿನ ಮೇಲೆ ತೇಲುವ ಅಜೋಲವೆಂಬ ಸಣ್ಣ ಜರಿಗಿಡದ ಎಲೆಯೊಳಗೆ ನೀಲಿಹಸಿರು ಪಾಚಿಯೊಂದು ವಾಸವಾಗಿರುವುದನ್ನು ಅವನು ಉದಾಹರಣೆಯಾಗಿ ಕೊಟ್ಟನು. ಆದರೆ ಆ ಪಾಚಿಯು ಜರಿಗಿಡಕ್ಕೆ ಏನನ್ನು ಕೊಡುತ್ತದೆಂಬುದು ಆಗ ತಿಳಿದಿರಲಿಲ್ಲ.

1876ರಿಂದ ಬೈಯರಿಂಕನು ವಾಗೆನಿಂಗೆನ್‌ನ ಕೃಷಿಶಾಲೆಯಲ್ಲಿ ಪಾಠ ಹೇಳಿದನು. 1885ರಲ್ಲಿ ಅವನ ಬಾಳಿನ ದಿಕ್ಕು ಬದಲಾಯಿತು. ಡೆಲ್ಫ್ಟ್‌ನಲ್ಲಿ ಯೀಸ್ಟ್ ಮತ್ತು ಮದ್ಯಸಾರವನ್ನು ತಯಾರಿಸುವ ದೊಡ್ಡ ಕಾರ್ಖಾನೆಯೊಂದಿತ್ತು. ಅದರ ಒಡೆಯನಾದ ವಾನ್ ಮಾರ್ಕೆನ್ ದೂರದೃಷ್ಟಿಯುಳ್ಳವನು. ಯೀಸ್ಟ್ ಕೂಡ ಒಂದು ಸೂಕ್ಷ್ಮಜೀವಿಯಾದುದರಿಂದ ಅದನ್ನು ಬಲ್ಲ ವಿಜ್ಞಾನಿಯೊಬ್ಬನು ಕಾರ್ಖಾನೆಯಲ್ಲಿರಬೇಕೆಂದು ಅವನು ಬಯಸಿದನು. ಬೈಯರಿಂಕನಿಗೆ ಅಲ್ಲಿ ಪ್ರಯೋಗಾಲಯ ದೊರೆಯಿತು. ಸ್ವತಂತ್ರವಾಗಿ ಸಂಶೋಧನೆ ನಡೆಸುವ ಅವಕಾಶವೂ ದೊರೆಯಿತು. ಅವನ ಮೊದಲ ಮಹತ್ವದ ಶೋಧನೆ ಹೊರಬಂದುದು ಈ ಕಾರ್ಖಾನೆಯಿಂದಲೇ.

ಅವರೆ, ಹುರುಳಿ, ಬಟಾಣಿ, ಕಡಲೆ ಮುಂತಾದ ದ್ವಿದಳ ಧಾನ್ಯಗಳನ್ನು ಬೆಳೆದ ಹೊಲದಲ್ಲಿ ಮರುವರ್ಷ ಬೇರೆ ಪೈರು ಹುಲುಸಾಗಿ ಬರುವುದೆಂಬುದನ್ನು ರೈತರು ಪ್ರಾಚೀನ ಕಾಲದಿಂದಲೂ ಬಲ್ಲರು. 1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ಅವನ ಸಹೋದ್ಯೋಗಿ ವಿಲ್‌ಫಾರ್ತ್ ಇದರ ಕಾರಣದ ಹೊಸ್ತಿಲಿಗೆ ಬಂದಿದ್ದರು. ಈ ಸಸ್ಯಗಳ ಬೇರಿನಲ್ಲಿರುವ ಸಣ್ಣ ಸಣ್ಣ ಗಂಟುಗಳೇ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಕಾಯಿಸಿ ಜೀವಾಣುಗಳನ್ನು ಕೊಂದ ಮಣ್ಣಿನಲ್ಲಿ ಗಂಟುಗಳು ಮೂಡುವುದಿಲ್ಲ. ಇಷ್ಟನ್ನು ಅವರು ತೋರಿಸಿಕೊಟ್ಟರು. ಹಾಗಾದರೆ ಗಂಟಿನೊಳಗಿರುವ ಜೀವಾಣು ಯಾವುದು? ಅದನ್ನು ಹಿಡಿದು ತೋರಿಸಿದವನು ಬೈಯರಿಂಕ್.

ಅವನು ಗಂಟುಗಳ ಹೊರಮೈಯನ್ನು ಎಚ್ಚರಿಕೆಯಿಂದ ಶುದ್ಧಿಗೊಳಿಸಿ, ಒಳಗಿನ ತಿರುಳನ್ನು ಮಾತ್ರ ತೆಗೆದನು. ದ್ವಿದಳ ಸಸ್ಯದ ಎಲೆಗಳನ್ನು ಕುದಿಸಿ ತೆಗೆದ ಕಷಾಯಕ್ಕೆ ಜೆಲಟಿನನ್ನೂ ಸ್ವಲ್ಪ ಸಕ್ಕರೆಯನ್ನೂ ಬೆರೆಸಿ, ಆ ಜೀವಾಣುಗಳಿಗೆ ಹಿತವಾಗುವ ಹಾಸಿಗೆಯನ್ನು ಸಿದ್ಧಪಡಿಸಿದನು. ಅದರ ಮೇಲೆ ಹರಡಿದ ತಿರುಳಿನಿಂದ ಬ್ಯಾಕ್ಟೀರಿಯದ ಪುಟ್ಟ ವಸಾಹತುಗಳು ಎದ್ದು ಕಂಡವು. 1888ರಲ್ಲಿ ಈ ಶೋಧನೆಯನ್ನು ಅವನು ಪ್ರಕಟಿಸಿದನು. ಇಂದು ನಾವು ರೈಜೋಬಿಯಂ ಎಂದು ಕರೆಯುವ ಬ್ಯಾಕ್ಟೀರಿಯ ಇದೇ. ಇಷ್ಟಕ್ಕೇ ತೃಪ್ತನಾಗದೆ, ಗಂಟುಗಳಿಲ್ಲದಂತೆ ಬೆಳೆಸಿದ ಗಿಡಗಳಿಗೆ ಆ ಶುದ್ಧ ಬ್ಯಾಕ್ಟೀರಿಯವನ್ನು ಸೋಂಕಿಸಿ ಗಂಟುಗಳು ಮೂಡುವುದನ್ನೂ ತೋರಿಸಿದನು. ಕಾರಣಕ್ಕೂ ಕಾರ್ಯಕ್ಕೂ ಇದ್ದ ಸಂಬಂಧ ಹೀಗೆ ಸ್ಥಿರವಾಯಿತು.

ಆದರೆ ಇಲ್ಲಿಯೇ ಒಂದು ಒಗಟು ಎದುರಾಯಿತು. ಗಂಟಿನಿಂದ ಹೊರತೆಗೆದು ಒಂಟಿಯಾಗಿ ಬೆಳೆಸಿದ ಬ್ಯಾಕ್ಟೀರಿಯವು ಗಾಳಿಯ ಸಾರಜನಕವನ್ನು ಹಿಡಿಯಲೇ ಇಲ್ಲ! ಬೈಯರಿಂಕನು ಎಷ್ಟು ಬಗೆಯಾಗಿ ಪರೀಕ್ಷಿಸಿದರೂ ಫಲ ಶೂನ್ಯ. ಪ್ರಯೋಗದಿಂದ ಸಿದ್ಧವಾಗದುದನ್ನು ಒಪ್ಪಿಕೊಳ್ಳುವ ಸ್ವಭಾವ ಅವನದಲ್ಲ. ಆದುದರಿಂದ ತಾನೇ ಕಂಡುಹಿಡಿದ ಬ್ಯಾಕ್ಟೀರಿಯದ ಈ ಶಕ್ತಿಯ ವಿಷಯದಲ್ಲಿ ಅವನು ಸಂಶಯವನ್ನೇ ತಾಳಿದನು.

ಈ ಒಗಟಿನ ಉತ್ತರ ಇಂದು ನಮಗೆ ಗೊತ್ತಿದೆ. ಸಾರಜನಕದ ಬಂಧವನ್ನು ಬಿಡಿಸುವ ಕಿಣ್ವಕ್ಕೆ ನೈಟ್ರೋಜಿನೇಸ್ ಎಂದು ಹೆಸರು. ಕಾರ್ಖಾನೆಗಳಲ್ಲಿ ಇದೇ ಕೆಲಸಕ್ಕೆ 400ರಿಂದ 500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ವಾಯುಮಂಡಲದ ಒತ್ತಡಕ್ಕಿಂತ ನೂರು ಮಡಿಗೂ ಮಿಗಿಲಾದ ಒತ್ತಡವೂ ಬೇಕು. ಬ್ಯಾಕ್ಟೀರಿಯದ ಕಿಣ್ವವು ಹೊಲದ ಮಣ್ಣಿನ ತಂಪಿನಲ್ಲಿಯೇ ಅದನ್ನು ಸಾಧಿಸುತ್ತದೆ. ಆದರೆ ಅದಕ್ಕೆ ಎರಡು ಕಟ್ಟುಪಾಡುಗಳಿವೆ. ಒಂದು, ಹೇರಳವಾದ ಶಕ್ತಿ ಬೇಕು. ಎಂದರೆ ಸಕ್ಕರೆ ಬೇಕು. ಇನ್ನೊಂದು, ಆಮ್ಲಜನಕ ತಾಕಿದರೆ ಆ ಕಿಣ್ವ ಕೆಟ್ಟುಹೋಗುತ್ತದೆ. ಗಿಡವು ಬಿಸಿಲಿನಿಂದ ಮಾಡಿದ ಸಕ್ಕರೆಯನ್ನು ಗಂಟಿಗೆ ಇಳಿಸುತ್ತದೆ. ಆಮ್ಲಜನಕವನ್ನು ಹಿಡಿದಿಡುವ ಕೆಂಪು ವಸ್ತುವೊಂದನ್ನೂ ಅಲ್ಲಿ ತುಂಬಿಸುತ್ತದೆ. ಚೆನ್ನಾಗಿ ಬೆಳೆದ ಬೇರುಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಬಣ್ಣ ಕಾಣುವುದು ಈ ಕಾರಣದಿಂದಲೇ. ಹೀಗೆ ಗಿಡದ ಆಸರೆಯಲ್ಲಿ ಮಾತ್ರ ಬ್ಯಾಕ್ಟೀರಿಯವು ತನ್ನ ಕೆಲಸವನ್ನು ಸುಲಭವಾಗಿ ಮಾಡಬಲ್ಲದು. ಕೆಲವು ಬಗೆಯ ಬೇರುಗಂಟಿನ ಬ್ಯಾಕ್ಟೀರಿಯಗಳು ಗಿಡದ ಹೊರಗೂ, ವಿಶೇಷ ಏರ್ಪಾಡಿನಲ್ಲಿ, ಸಾರಜನಕವನ್ನು ಹಿಡಿಯಬಲ್ಲವೆಂದು ಸಿದ್ಧವಾದುದು 1975ರಲ್ಲಿ. ಬೈಯರಿಂಕನ ಪ್ರಯೋಗದಲ್ಲಿ ತಪ್ಪಿರಲಿಲ್ಲ. ಅವನು ಬೇರ್ಪಡಿಸಿದುದು ಜೋಡಿಯ ಅರ್ಧವನ್ನು ಮಾತ್ರ. ಇಬ್ಬರು ಕೂಡಿ ಮಾಡುವ ಕೆಲಸವನ್ನು ಒಬ್ಬನು ಮಾಡಿ ತೋರಿಸುವುದೆಂತು?

ಇದೇ ವರ್ಷಗಳಲ್ಲಿ ಅವನ ದೃಷ್ಟಿ ನೀರಿನ ಕಡೆಗೂ ಹರಿಯಿತು. ಕೊಳದ ನೀರಿನಲ್ಲಿ ಹಸಿರು ಬಣ್ಣ ಬರಿಸುವ ಏಕಕೋಶದ ಶೈವಲವೊಂದನ್ನು ಬೇರೆಲ್ಲ ಜೀವಿಗಳಿಂದ ಬಿಡಿಸಿ ಶುದ್ಧವಾಗಿ ಬೆಳೆಸಿ, 1890ರಲ್ಲಿ ಅದಕ್ಕೆ ಕ್ಲೋರೆಲ್ಲ ಎಂದು ಹೆಸರಿಟ್ಟನು. ಶೈವಲಗಳನ್ನು ಹೀಗೆ ಬೆಳೆಸಬಹುದೆಂದು ತೋರಿಸಿದವರಲ್ಲಿ ಅವನೇ ಮೊದಲಿಗ. ಇರುಳಿನಲ್ಲಿ ಕಡಲಿನ ನೀರೂ ಸತ್ತ ಮೀನಿನ ಮೈಯೂ ಬೆಳಗುವಂತೆ ಮಾಡುವ ಬ್ಯಾಕ್ಟೀರಿಯಗಳನ್ನೂ ಅವನು ಅಭ್ಯಾಸ ಮಾಡಿ, 1889ರಲ್ಲಿ ಅವುಗಳಿಗೆ ಫೋಟೋಬ್ಯಾಕ್ಟೀರಿಯಂ ಎಂಬ ಹೆಸರನ್ನು ಕೊಟ್ಟನು. ಈ ಬ್ಯಾಕ್ಟೀರಿಯಗಳು ಬೆಳಗಬೇಕಾದರೆ ಆಮ್ಲಜನಕ ಬೇಕು. ಅವುಗಳನ್ನು ಹಸಿರೆಲೆಯ ರಸದೊಡನೆ ಬೆರೆಸಿ ಕತ್ತಲೆಯಲ್ಲಿಟ್ಟರೆ, ಇದ್ದ ಆಮ್ಲಜನಕವು ತೀರಿದೊಡನೆ ಬೆಳಕು ಆರಿಹೋಗುತ್ತದೆ. ಹೊರಗಿನ ಬೆಳಕು ಕ್ಷಣಕಾಲ ತಾಕಿದರೂ ಪತ್ರಹರಿತ್ತಿನಿಂದ ಆಮ್ಲಜನಕವು ಹೊರಟು ಬ್ಯಾಕ್ಟೀರಿಯಗಳು ಮತ್ತೆ ಬೆಳಗುತ್ತವೆ. ಹಸಿರು ವಸ್ತುವಿನ ಉಸಿರನ್ನು ಅಳೆಯಲು ಕಡಲಿನ ಬ್ಯಾಕ್ಟೀರಿಯವನ್ನೇ ಉಪಕರಣವನ್ನಾಗಿ ಮಾಡಿಕೊಂಡ ಅವನ ಜಾಣ್ಮೆಗೆ ಬೆರಗಾಗದಿರಲು ಸಾಧ್ಯವಿಲ್ಲ.

1895ರಲ್ಲಿ ಬೈಯರಿಂಕನು ತಾನು ಓದಿದ ಡೆಲ್ಫ್ಟ್ ಪಾಲಿಟೆಕ್ನಿಕ್ ಶಾಲೆಯಲ್ಲಿಯೇ ಪ್ರಾಧ್ಯಾಪಕನಾದನು. ಮೂರು ವರ್ಷಗಳ ಬಳಿಕ, 1898ರಲ್ಲಿ, ಹೊಗೆಸೊಪ್ಪಿನ ಎಲೆಗಳಲ್ಲಿ ಮಚ್ಚೆಗಳನ್ನು ಮೂಡಿಸುವ ರೋಗಕ್ಕೆ ಬ್ಯಾಕ್ಟೀರಿಯ ಕಾರಣವಲ್ಲವೆಂದೂ ಅತಿ ಸೂಕ್ಷ್ಮವಾದ ಜರಡಿಯಲ್ಲಿಯೂ ನುಸುಳಿಹೋಗುವ, ಜೀವಂತ ಗಿಡದಲ್ಲಿ ಮಾತ್ರ ವೃದ್ಧಿಹೊಂದುವ ಬೇರೊಂದು ಸೋಂಕು ಕಾರಣವೆಂದೂ ಅವನು ವಾದಿಸಿದನು. ರಷ್ಯದ ಇವನೋವ್‌ಸ್ಕಿ 1892ರಲ್ಲಿಯೇ ಈ ಜರಡಿಯ ಪ್ರಯೋಗವನ್ನು ಮಾಡಿದ್ದನಾದರೂ, ಇದು ಹೊಸ ಬಗೆಯ ರೋಗಕಾರಕವೆಂದು ಸ್ಪಷ್ಟವಾಗಿ ಸಾರಿದವನು ಬೈಯರಿಂಕ್. ವೈರಸ್‌ಗಳ ಅಧ್ಯಯನಕ್ಕೆ ಅಡಿಗಲ್ಲನ್ನಿಟ್ಟವರಲ್ಲಿ ಅವನನ್ನು ಎಣಿಸುವುದು ಇದಕ್ಕಾಗಿಯೇ. ತಂದೆಗೆ ನಷ್ಟವನ್ನು ತಂದ ಹೊಗೆಸೊಪ್ಪು ಮಗನಿಗೆ ಶಾಶ್ವತ ಕೀರ್ತಿಯನ್ನು ತಂದಿತು.

ಡೆಲ್ಫ್ಟ್‌ನಲ್ಲಿ ಅವನು ರೂಪಿಸಿದ ಕಾರ್ಯವಿಧಾನವು ಅವನ ಶೋಧನೆಗಳಷ್ಟೇ ಬೆಲೆಯುಳ್ಳದು. ಒಂದು ಚಿಟಿಕೆ ಮಣ್ಣಿನಲ್ಲಿ ಲೆಕ್ಕವಿಲ್ಲದಷ್ಟು ಬಗೆಯ ಸೂಕ್ಷ್ಮಜೀವಿಗಳಿರುತ್ತವೆ. ನಮಗೆ ಬೇಕಾದುದನ್ನು ಅವುಗಳ ನಡುವೆ ಹುಡುಕುವುದು ಜಾತ್ರೆಯಲ್ಲಿ ಒಬ್ಬನನ್ನು ಹುಡುಕಿದಂತೆ. ಬೈಯರಿಂಕನು ಹುಡುಕುವ ಗೋಜಿಗೆ ಹೋಗಲಿಲ್ಲ. ತನಗೆ ಬೇಕಾದ ಜೀವಿಗೆ ಮಾತ್ರ ಒಗ್ಗುವ ಆಹಾರವನ್ನು ಇಟ್ಟನು. ಉಳಿದವು ಹಸಿವಿನಿಂದ ತಾವಾಗಿಯೇ ಹಿಂದೆ ಸರಿದವು. ಗಾಳಿಯ ಸಾರಜನಕವನ್ನು ಹಿಡಿಯುವ ಜೀವಿ ಬೇಕಾದರೆ ಸಾರಜನಕದ ಸುಳಿವೂ ಇಲ್ಲದ ದ್ರವವನ್ನು ಸಿದ್ಧಪಡಿಸಬೇಕು. ಸಕ್ಕರೆಯನ್ನು ಹೋಲುವ ಮ್ಯಾನಿಟಾಲ್ ಎಂಬ ವಸ್ತುವನ್ನೂ ಸ್ವಲ್ಪ ಫಾಸ್ಫೇಟನ್ನೂ ನೀರಿನಲ್ಲಿ ಕರಗಿಸಿ, ತೋಟದ ಮಣ್ಣನ್ನು ಅದಕ್ಕೆ ಬೆರೆಸಿ ಬೆಚ್ಚಗೆ ಇಟ್ಟರೆ ಕೆಲವೇ ದಿನಗಳಲ್ಲಿ ಮೇಲೆ ಕೆನೆಯಂತಹ ಪದರ ಕಟ್ಟುತ್ತದೆ. ಆ ಪದರದಲ್ಲಿ ದೊರೆತ ದಪ್ಪನೆಯ ಬ್ಯಾಕ್ಟೀರಿಯಕ್ಕೆ 1901ರಲ್ಲಿ ಅವನು ಅಜೋಟೋಬ್ಯಾಕ್ಟರ್ ಎಂದು ಹೆಸರಿಟ್ಟನು. ಇದರ ಇನ್ನೊಂದು ಬಗೆ ಡೆಲ್ಫ್ಟ್ ನಗರದ ಕಾಲುವೆಯ ನೀರಿನಲ್ಲಿಯೇ ಸಿಕ್ಕಿತು. ಗಿಡದ ಆಸರೆಯಿಲ್ಲದೆ, ಗಾಳಿಯಾಡುವ ಎಡೆಯಲ್ಲಿಯೇ ಸಾರಜನಕವನ್ನು ಹಿಡಿಯಬಲ್ಲ ಬ್ಯಾಕ್ಟೀರಿಯ ಇದು. ಇಂತಹ ದ್ರವವನ್ನೇ ಸಕ್ಕರೆಯಿಲ್ಲದೆ ಬೆಳಕಿನಲ್ಲಿ ಇಟ್ಟಾಗ ನೀಲಿಹಸಿರು ಪಾಚಿಗಳು ಮೇಲೇಳುವುದನ್ನೂ ಬೈಯರಿಂಕನು ಕಂಡನು. ಅವು ಕೂಡ ಗಾಳಿಯ ಸಾರಜನಕವನ್ನು ಉಣ್ಣುತ್ತಿರಬೇಕೆಂದು ಅವನು ಊಹಿಸಿದನು. ಆ ಊಹೆ ಸರಿಯೆಂದು ಶುದ್ಧ ಕೃಷಿಯಿಂದ ಸಿದ್ಧವಾದುದು 1928ರಲ್ಲಿ.

ಬೈಯರಿಂಕನ ವಿಧಾನವು ಇತರರ ಕೈಗೆ ಬಂದೊಡನೆ ಕಡಲಿನ ಬಾಗಿಲು ತೆರೆಯಿತು. 1903ರಲ್ಲಿ ಜರ್ಮನಿಯ ಕೀಲ್ ನಗರದ ವಿಜ್ಞಾನಿಗಳಾದ ಬೆನೆಕೆ ಮತ್ತು ಕಾಯಿಟ್ನರ್ ಬಾಲ್ಟಿಕ್ ಸಮುದ್ರದಲ್ಲಿ ಅಜೋಟೋಬ್ಯಾಕ್ಟರ್ ಇರುವುದನ್ನು ಕಂಡರು. ಸಮುದ್ರದ ಶೈವಲಗಳ ಮೈಗೆ ಅಂಟಿಕೊಂಡು ಅದು ಬಾಳುತ್ತಿತ್ತು. ಅದೇ ನಗರದ ರೈಂಕೆ ಎಂಬ ಸಸ್ಯವಿಜ್ಞಾನಿಯು ಇದರಿಂದ ಒಂದು ತರ್ಕವನ್ನು ಮುಂದಿಟ್ಟನು. ನೆಲದಲ್ಲಿ ಬಟಾಣಿಗೂ ಬೇರುಗಂಟಿನ ಬ್ಯಾಕ್ಟೀರಿಯಕ್ಕೂ ಇರುವಂತೆ ಕಡಲಿನಲ್ಲಿ ಶೈವಲಕ್ಕೂ ಅಜೋಟೋಬ್ಯಾಕ್ಟರಿಗೂ ಕೊಡುಕೊಳ್ಳುವ ನಂಟು ಇರಬೇಕು. ಶೈವಲವು ಸಕ್ಕರೆಯನ್ನು ಕೊಟ್ಟು ಸಾರಜನಕವನ್ನು ಪಡೆಯುತ್ತಿರಬೇಕು. ಅಂದಿಗೆ ಇದು ಕೇವಲ ತರ್ಕ. ಅದನ್ನು ಅಳೆದು ನೋಡುವ ಸಾಧನಗಳು ಬರಲು ಬಹುಕಾಲ ಬೇಕಾಯಿತು.

ಇಷ್ಟೆಲ್ಲ ಸಾಧಿಸಿದ ಬೈಯರಿಂಕನು ಮನುಷ್ಯನಾಗಿ ಹೇಗಿದ್ದನು? ಅವನ ಸ್ವಭಾವ ಬಲು ಕಟು. ವಿದ್ಯಾರ್ಥಿಗಳ ಸಣ್ಣ ತಪ್ಪನ್ನೂ ಸಹಿಸುತ್ತಿರಲಿಲ್ಲ. ಅವನ ಮಾತಿನ ಏಟಿಗೆ ಅನೇಕರು ಕುಗ್ಗಿಹೋದರು. ಆಗಾಗ ವಿಷಣ್ಣತೆಯು ಅವನನ್ನು ಕವಿಯುತ್ತಿತ್ತು. ವಿಜ್ಞಾನವೂ ಸಂಸಾರವೂ ಕೂಡಿ ಸಾಗುವುದಿಲ್ಲವೆಂಬುದು ಅವನ ದೃಢವಾದ ನಂಬಿಕೆ. ಅವನು ಮದುವೆಯಾಗಲಿಲ್ಲ, ಸಹಾಯಕರು ಮದುವೆಯಾಗುವುದೂ ಅವನಿಗೆ ಹಿಡಿಸುತ್ತಿರಲಿಲ್ಲ. ಮದುವೆಯಾಗದ ಇಬ್ಬರು ಸೋದರಿಯರು ಅವನ ಮನೆಯನ್ನು ನೋಡಿಕೊಂಡರು. ಅಷ್ಟು ದೊಡ್ಡ ವಿಜ್ಞಾನಿಯಾದರೂ ಅವನ ಸುತ್ತ ಬೆಳೆದ ಶಿಷ್ಯರು ಕೆಲವೇ ಮಂದಿ. ಈ ಕೊರತೆಯನ್ನು ಮರೆಮಾಡುವುದು ಸಲ್ಲದು. ಮಹನೀಯರ ಗುಣಗಳನ್ನು ಗೌರವಿಸುವ ನಾವು ಅವರ ದೋಷಗಳಿಂದಲೂ ಕಲಿಯಬೇಕಾಗುತ್ತದೆ. ಅವನ ಶೋಧನೆಗಳು ಅಳಿಯದೆ ಉಳಿದುದಕ್ಕೆ ಅವನಂತೆಯೇ ಇತರರೂ ಕಾರಣರು. ಡೆಲ್ಫ್ಟ್‌ನಲ್ಲಿ ಅವನ ಪೀಠವನ್ನೇರಿದ ಆಲ್ಬರ್ಟ್ ಕ್ಲೂಯ್ವರ್ ಸ್ನೇಹಪರನಾದ ಗುರು. ಬೈಯರಿಂಕನು ಕೂಡಿಟ್ಟ ಜ್ಞಾನಕ್ಕೆ ಶಿಷ್ಯಪರಂಪರೆಯೊಂದನ್ನು ಕಟ್ಟಿಕೊಟ್ಟವನು ಅವನೇ.

1905ರಲ್ಲಿ ಬೈಯರಿಂಕನಿಗೆ ಲೇವನ್‌ಹುಕ್ ಪದಕವು ದೊರೆಯಿತು. ಸೂಕ್ಷ್ಮಜೀವಿಗಳನ್ನು ಮೊದಲು ಕಂಡ ಡೆಲ್ಫ್ಟ್‌ನ ಲೇವನ್‌ಹುಕ್‌ನ ಹೆಸರಿನ ಈ ಪದಕವು ಅದೇ ಊರಿನಲ್ಲಿ ದುಡಿದವನಿಗೆ ಸಂದುದು ಉಚಿತವೇ. 1921ರಲ್ಲಿ, ಎಪ್ಪತ್ತು ವರ್ಷ ತುಂಬಿದಾಗ, ನಿಯಮದಂತೆ ಅವನು ನಿವೃತ್ತನಾಗಬೇಕಾಯಿತು. ಪ್ರಯೋಗಾಲಯವೇ ಬಾಳಾಗಿದ್ದವನಿಗೆ ಆ ಅಗಲಿಕೆಯ ನೋವು ಸಣ್ಣದಲ್ಲ. ಅವನು ಸೋದರಿಯರೊಡನೆ ಗಾರ್ಸೆಲ್ ಎಂಬ ಹಳ್ಳಿಗೆ ಹೋಗಿ ನೆಲಸಿ, ಬಾಲ್ಯದ ಪ್ರೀತಿಯಾದ ಗಿಡಮರಗಳ ನಡುವೆ ಕೊನೆಯ ದಿನಗಳನ್ನು ಕಳೆದನು. 1931ನೆಯ ಜನವರಿ 1ರಂದು ಅಲ್ಲಿಯೇ ಅವನ ಬಾಳು ಮುಗಿಯಿತು.

ಬಾಳು ಮುಗಿಯಿತಾದರೂ ಅವನು ತೊಡಗಿದ ಕಥೆ ಮುಗಿಯಲಿಲ್ಲ. ಕೀಲ್ ವಿಜ್ಞಾನಿಗಳ ತರ್ಕಕ್ಕೆ 1975ರಲ್ಲಿ ಬಲವಾದ ಆಧಾರ ದೊರೆಯಿತು. ಅಮೆರಿಕದ ಕರಾವಳಿಯಲ್ಲಿ ಬೆಳೆಯುವ ಕೋಡಿಯಂ ಎಂಬ ಹಸಿರು ಶೈವಲದೊಡನೆ ಅಜೋಟೋಬ್ಯಾಕ್ಟರ್ ಬಾಳುತ್ತ ಸಾರಜನಕವನ್ನು ಹಿಡಿಯುವುದನ್ನು ಅಳೆದು ತೋರಿಸಲಾಯಿತು. ನಮ್ಮ ಅರಬ್ಬಿ ಸಮುದ್ರವೂ ಸೇರಿದಂತೆ ಬೆಚ್ಚನೆಯ ಸಮುದ್ರಗಳಲ್ಲಿ ಗಾಜಿನಂತಹ ಚಿಪ್ಪುಳ್ಳ ಡಯಾಟಮ್ ಎಂಬ ಏಕಕೋಶ ಶೈವಲಗಳಿವೆ. ಅವುಗಳಲ್ಲಿ ಕೆಲವದರ ಚಿಪ್ಪಿನೊಳಗೆ ರಿಚೀಲಿಯ ಎಂಬ ನೀಲಿಹಸಿರು ಪಾಚಿಯ ಎಳೆ ಬಾಳುತ್ತದೆ. ಅದರ ತುದಿಯ ದಪ್ಪನೆಯ ಕೋಶವು ಆಮ್ಲಜನಕವನ್ನು ಹೊರಗಿಟ್ಟು ಸಾರಜನಕವನ್ನು ಹಿಡಿದು ಆಶ್ರಯದಾತನಿಗೆ ಕೊಡುತ್ತದೆ. ಸಾರಜನಕ ಹಿಡಿಯುವ ಇಂತಹ ಜೀವಿಗಳು ಬಡಕಡಲಿನ ಪಾಲಿಗೆ ಗೊಬ್ಬರದ ಗುಂಡಿಗಳೆನ್ನಬಹುದು.

ಇನ್ನೂ ಬೆರಗಿನ ಸಂಗತಿಯೊಂದು ಇತ್ತೀಚೆಗೆ ಬೆಳಕಿಗೆ ಬಂದಿತು. 1998ರಲ್ಲಿ ಅಮೆರಿಕದ ಜೊನಾಥನ್ ಜೆಹರ್ ಮತ್ತು ಅವರ ಸಂಗಡಿಗರು ಪೆಸಿಫಿಕ್ ಸಾಗರದ ನೀರಿನಲ್ಲಿ ಸಾರಜನಕ ಹಿಡಿಯುವ ಅಪರಿಚಿತ ಜೀವಿಯೊಂದರ ಆನುವಂಶಿಕ ಕುರುಹನ್ನು ಕಂಡರು. ಜೀವಿ ಮಾತ್ರ ಕೈಗೆ ಸಿಗಲಿಲ್ಲ. ಅದು ಒಂದು ಸಣ್ಣ ಶೈವಲದ ಜೊತೆಗಾರನೆಂದು 2012ರಲ್ಲಿ ತಿಳಿಯಿತು. ಆ ಶೈವಲವನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಜಪಾನಿನ ವಿಜ್ಞಾನಿ ಕ್ಯೋಕೊ ಹಗಿನೊ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಮತ್ತೆ ಮತ್ತೆ ಕಡಲನೀರನ್ನು ತಂದು ಶ್ರಮಿಸಿದರು. ಆ ಶ್ರಮದ ಫಲವಾಗಿ 2024ರಲ್ಲಿ ನಿಜಸ್ಥಿತಿ ಗೋಚರವಾಯಿತು. ಶೈವಲದೊಳಗಿನ ಆ ಬ್ಯಾಕ್ಟೀರಿಯವು ಈಗ ಅತಿಥಿಯಾಗಿ ಉಳಿದಿಲ್ಲ. ಆಮ್ಲಜನಕವನ್ನು ಹೊರಬಿಡುವ ಶಕ್ತಿಯನ್ನು ಅದು ಕಳೆದುಕೊಂಡಿದೆ. ತನಗೆ ಬೇಕಾದ ಅನೇಕ ಪ್ರೋಟೀನುಗಳನ್ನು ಶೈವಲದಿಂದಲೇ ಪಡೆಯುತ್ತದೆ. ಶೈವಲದ ಕೋಶವು ಇಬ್ಭಾಗವಾಗುವಾಗ ಅದೂ ಇಬ್ಭಾಗವಾಗಿ ಎರಡು ಮರಿಗಳಿಗೂ ಹಂಚಿಹೋಗುತ್ತದೆ. ಅದು ಕೋಶದ ಒಂದು ಅಂಗವೇ ಆಗಿಬಿಟ್ಟಿದೆ. ಈ ಅಂಗಕ್ಕೆ ನೈಟ್ರೋಪ್ಲಾಸ್ಟ್ ಎಂದು ಹೆಸರಿಟ್ಟರು.

ಅದೇ 2024ರಲ್ಲಿ ಜರ್ಮನಿಯ ಬ್ರೆಮೆನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಮತ್ತೊಂದು ಸಂಗತಿಯನ್ನು ಪ್ರಕಟಿಸಿದರು. ಉಷ್ಣವಲಯದ ಅಟ್ಲಾಂಟಿಕ್ ಸಾಗರದ ಡಯಾಟಮ್ ಒಂದರ ಒಳಗೆ ಸಾರಜನಕವನ್ನು ಹಿಡಿಯುತ್ತಿದ್ದ ಬ್ಯಾಕ್ಟೀರಿಯವು ಬೇರುಗಂಟಿನ ರೈಜೋಬಿಯಂ ಬ್ಯಾಕ್ಟೀರಿಯದ ಹತ್ತಿರದ ಬಂಧು! 1888ರಲ್ಲಿ ಬೈಯರಿಂಕನು ಹೊಲದ ಗಿಡದ ಬೇರಿನಲ್ಲಿ ಕಂಡ ಜೀವಿಯ ನೆಂಟನು ನಡುಗಡಲಿನ ಶೈವಲದಲ್ಲಿ ಕಾಣಿಸಿಕೊಂಡನು. ನೆಲವೆಂದು, ನೀರೆಂದು ನಾವು ಮಾಡುವ ಭೇದವನ್ನು ಆ ಬ್ಯಾಕ್ಟೀರಿಯಗಳು ಲೆಕ್ಕಿಸಿದಂತೆ ತೋರುವುದಿಲ್ಲ.

ನಮ್ಮ ನಾಡಿನ ರೈತನು ರಾಗಿಯ ಹೊಲದಲ್ಲಿ ಅವರೆಯನ್ನೋ ತೊಗರಿಯನ್ನೋ ಅಕ್ಕಡಿಯಾಗಿ ಬಿತ್ತುವಾಗಲೂ, ಬಿತ್ತನೆಯ ಬೀಜಕ್ಕೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ ಗೊಬ್ಬರವನ್ನು ಲೇಪಿಸಿ ನೆರಳಿನಲ್ಲಿ ಆರಿಸುವಾಗಲೂ ಬೈಯರಿಂಕನ ಶೋಧನೆ ಅವನ ಕೈಯಲ್ಲಿರುತ್ತದೆ. ಆ ಹೆಸರನ್ನು ರೈತನು ಕೇಳಿರಲಾರನು. ಆದರೆ ಮುಂದಿನ ಸಲ ಹೊಲದಲ್ಲಿ ಅವರೆಯ ಗಿಡವೊಂದನ್ನು ಕಿತ್ತಾಗ ಅದರ ಬೇರನ್ನು ತೊಳೆದು ನೋಡೋಣ. ಸಾಸಿವೆ ಕಾಳಿನಷ್ಟು ಸಣ್ಣ ಗಂಟುಗಳು ಅಲ್ಲಿ ಕಾಣುತ್ತವೆ. ಒಂಟಿಯಾಗಿ ಬಾಳಿದ ಮನುಷ್ಯನೊಬ್ಬನು ಆ ಗಂಟುಗಳನ್ನು ತಾಳ್ಮೆಯಿಂದ ಬಿಡಿಸಿ ನೋಡಿದುದರಿಂದಲೇ, ಹೊಲದ ಬೇರಿನಿಂದ ನಡುಗಡಲಿನ ಶೈವಲದವರೆಗೆ ಹಬ್ಬಿರುವ ಕೂಡುಬಾಳು ನಮ್ಮ ಅರಿವಿಗೆ ಬಂದಿತು.